ಬೀಳ್ಕೊಡುಗೆಯ ಆಚೆಗಿನ ತಾಯಿ: ಆಫ್ರಿಕಾದ ಎಚ್.ಐ.ವಿ. ಕಥನಗಳಲ್ಲಿ ತಾಯ್ತನ ಮತ್ತು ಹರೆಯ

1

ಎಚ್.ಐ.ವಿ. ಸೋಂಕನ್ನು ವಸ್ತುವಾಗಿ ಉಳ್ಳ ಬರವಣಿಗೆ ಮತ್ತು ಚಲನಚಿತ್ರಗಳಲ್ಲಿ ತಾಯಿಯ ಪಾತ್ರಕ್ಕೆ ದೊರೆತಿರುವ ಸ್ಥಾನ ವಿಶಿಷ್ಟವಾದುದು. ಓದುಗರ ಹಾಗೂ ಪ್ರೇಕ್ಷಕರ ಅನುಕಂಪವನ್ನು ಅತ್ಯಂತ ಸುಲಭವಾಗಿ ಪಡೆಯುವ ಪಾತ್ರ ಅವಳದು. ಆದರೆ ಈ ಅನುಕಂಪ ಒಂದು ಷರತ್ತಿಗೆ ಒಳಪಟ್ಟಿದೆ: ಅವಳು ಸಾಯಬೇಕು, ಸಾಯುವ ಮುನ್ನ ಮಕ್ಕಳಿಗೆ ಏನನ್ನಾದರೂ ಬಿಟ್ಟುಹೋಗಬೇಕು. 1990ರ ದಶಕದಿಂದ ಈಚೆಗೆ ಆಫ್ರಿಕಾ ಖಂಡದ ಬದುಕನ್ನು ಆಧರಿಸಿ ಬಂದ ಹಲವು ಕಥನಗಳು ಈ ಷರತ್ತನ್ನು ಒಪ್ಪಿಕೊಂಡೇ ರೂಪುಗೊಂಡಿವೆ. ಆ ಕಾಲದ ಸತ್ಯವೂ ಅದೇ ಆಗಿತ್ತು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಚಿಕಿತ್ಸೆ ಕೈಗೆಟುಕದ ನಾಡಿನಲ್ಲಿ ಸೋಂಕಿಗೆ ಒಳಗಾದ ತಾಯಿಯೊಬ್ಬಳು ಮಗುವಿನ ಹರೆಯವನ್ನು ಕಾಣುವ ಸಂಭವ ತೀರ ಕಡಿಮೆಯಿತ್ತು.

ಆದರೆ ಪರಿಸ್ಥಿತಿ ಬದಲಾಯಿತು. 2000ದ ಸುಮಾರಿಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮಿಗಿಲಾಗಿದ್ದ ಮೂರು ಔಷಧಗಳ ಸಂಯೋಜಿತ ಚಿಕಿತ್ಸೆಯನ್ನು 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರಿಗೆ ನೀಡಲು ಮುಂದೆ ಬಂದಿತು. ದಕ್ಷಿಣ ಆಫ್ರಿಕದ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಭಾರತದಲ್ಲಿಯೂ 2004ರಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾಯಿತು. ಸಾಯಬೇಕಾಗಿದ್ದ ತಾಯಿ ಬದುಕಿ ಉಳಿದಳು. ಅವಳ ಮಕ್ಕಳು ಬೆಳೆದರು, ಮೀಸೆ ಚಿಗುರಿಸಿಕೊಂಡರು, ಮೈನೆರೆದರು, ಎದುರುತ್ತರ ಕೊಡಲು ಕಲಿತರು. ಈ ತಾಯಿಯನ್ನು ಮೇಲೆ ಹೇಳಿದ ಕಥನಗಳು ಕಾಣಬಲ್ಲವೇ? ಬೀಳ್ಕೊಡುಗೆಗಾಗಿ ಕಟ್ಟಿದ ಕಥನರೂಪ ಸಹಬಾಳ್ವೆಯನ್ನು ಹೇಳಬಲ್ಲುದೇ? ಈ ಪ್ರಶ್ನೆಗಳನ್ನು ನಾಲ್ಕು ಬಗೆಯ ಪಠ್ಯಗಳ ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉಗಾಂಡದ ತಾಯಂದಿರ ನೆನಪಿನ ಹೊತ್ತಿಗೆಗಳು ಹಾಗೂ ಅವುಗಳನ್ನು ಕುರಿತ ಹೆನಿಂಗ್ ಮಾಂಕೆಲ್‌ನ ಕೃತಿ, 2004ರ 'ಯೆಸ್ಟರ್‌ಡೇ' ಚಲನಚಿತ್ರ, 'ಚಂದಾಸ್ ಸೀಕ್ರೆಟ್ಸ್' ಕಾದಂಬರಿ ಮತ್ತು ಅದರ ಚಿತ್ರರೂಪ, ಕೇಪ್‌ಟೌನ್ ಬಳಿಯ ಖಯೆಲಿಟ್ಷಾದ ಮಹಿಳೆಯರ 'ಲಾಂಗ್ ಲೈಫ್' ಎಂಬ ಗ್ರಂಥ — ಇವು ಇಲ್ಲಿನ ಆಕರಗಳು.

2

ಉಗಾಂಡದಲ್ಲಿ ಎಚ್.ಐ.ವಿ.ಯೊಂದಿಗೆ ಬದುಕುತ್ತಿದ್ದ ಮಹಿಳೆಯರು 1992ರಲ್ಲಿ 'ನಕ್ವೋಲಾ' ಎಂಬ ಸಂಘಟನೆಯನ್ನು ಕಟ್ಟಿಕೊಂಡರು. ಬ್ರಿಟನ್ನಿನ ಬರ್ನಾರ್ಡೋಸ್ ಸಂಸ್ಥೆಯ ಆಶ್ರಯದಲ್ಲಿ 1990ರ ದಶಕದಲ್ಲಿ ರೂಪುಗೊಂಡಿದ್ದ ನೆನಪಿನ ಹೊತ್ತಿಗೆಯ ಕಲ್ಪನೆಯನ್ನು ಈ ಸಂಘಟನೆ ಸ್ವೀಕರಿಸಿ ಅದನ್ನು ಹಳ್ಳಿಗಳ ಮಟ್ಟಕ್ಕೆ ಒಯ್ದಿತು. ಹೊತ್ತಿಗೆಯ ಸ್ವರೂಪ ಸರಳವಾದುದು. ತಾಯಿ ಮಗುವಿಗಾಗಿ ವಂಶವೃಕ್ಷವನ್ನು ಬರೆಯುತ್ತಾಳೆ. ಮಗು ಹುಟ್ಟಿದ ಹೊತ್ತು, ಅದರ ಮೊದಲ ಮಾತು, ಅದಕ್ಕೆ ಇಷ್ಟವಾದ ತಿನಿಸು, ಮನೆತನದ ಆಚರಣೆಗಳು, ತಂದೆಯ ಊರು, ತನ್ನ ಆರೋಗ್ಯ ಇವನ್ನೆಲ್ಲ ದಾಖಲಿಸುತ್ತಾಳೆ. ಜಮೀನು, ಬಂಧುಬಳಗ, ಹಕ್ಕು ಇವುಗಳ ವಿವರವೂ ಅದರಲ್ಲಿ ಸೇರಬಲ್ಲುದು. ತಾಯಿಯ ಮರಣಾನಂತರ ಬಂಧುಗಳ ಮನೆಯಲ್ಲಿ ಬೆಳೆಯಬೇಕಾದ ಮಗುವಿಗೆ ತಾನು ಯಾರ ಮಗು ಎಂಬ ಅರಿವು ಉಳಿಯಬೇಕೆಂಬುದು ಇದರ ಹಿಂದಿನ ಆಶಯ.

ಪ್ರಕಾರದ ದೃಷ್ಟಿಯಿಂದ ಈ ಹೊತ್ತಿಗೆಯ ಸಂಬೋಧನೆಯನ್ನು ಗಮನಿಸಬೇಕು. ಬರೆಯುವವಳು ವರ್ತಮಾನದಲ್ಲಿದ್ದಾಳೆ, ಓದುವವನು ಭವಿಷ್ಯದಲ್ಲಿದ್ದಾನೆ. ಓದುವ ಕ್ಷಣದಲ್ಲಿ ಬರೆದವಳು ಇರುವುದಿಲ್ಲ. ಆದುದರಿಂದ ಪ್ರಶ್ನೆ ಕೇಳುವ ಅವಕಾಶವೂ ಇರುವುದಿಲ್ಲ. ತಾಯಿ ತನ್ನ ಬದುಕಿನ ಯಾವ ಭಾಗವನ್ನು ಹೇಳಬೇಕು, ಯಾವುದನ್ನು ಮುಚ್ಚಬೇಕು ಎಂಬುದನ್ನು ಒಬ್ಬಳೇ ತೀರ್ಮಾನಿಸುತ್ತಾಳೆ. ವಯಸ್ಸಿಗೆ ಬಂದ ಮಗನೊಬ್ಬ ಅದನ್ನು ಓದಿ, "ಅಪ್ಪನಿಂದ ನಿನಗೆ ಬಂದಿತೋ, ನಿನ್ನಿಂದ ಅಪ್ಪನಿಗೋ?" ಎಂದು ಕೇಳಲಾರ. ಮರಣ ಆ ಪ್ರಶ್ನೆಯಿಂದ ತಾಯಿಯನ್ನು ರಕ್ಷಿಸುತ್ತದೆ.

ಹೀಗೆ ಹೇಳಿದಾಗ ನೆನಪಿನ ಹೊತ್ತಿಗೆಯ ಮಹತ್ತ್ವವನ್ನು ಕುಗ್ಗಿಸಿದಂತೆ ಆಗಬಾರದು. ಉಗಾಂಡದ ತಾಯಂದಿರ ಪ್ರಯೋಗದಲ್ಲಿ ಒಂದು ಮುಖ್ಯವಾದ ತಿರುವು ಇದೆ. ಸಂಘಟನೆಯ ಮಹಿಳೆಯರು ಹೊತ್ತಿಗೆಯನ್ನು ಬರೆದು ಪೆಟ್ಟಿಗೆಯಲ್ಲಿಡುವ ವಸ್ತುವೆಂದಷ್ಟೇ ತಿಳಿಯಲಿಲ್ಲ. ಅದನ್ನು ಮಕ್ಕಳ ಜೊತೆ ಕುಳಿತು ಬರೆಯುವ ನೆಪವಾಗಿಯೂ ಬಳಸಿಕೊಂಡರು. ವಂಶವೃಕ್ಷದ ಪುಟ ಬರೆಯುವಾಗ ಸತ್ತ ತಂದೆಯ ಮಾತು ಬರುತ್ತದೆ. ತಂದೆ ಏಕೆ ಸತ್ತನೆಂಬ ಮಾತು ಬರುತ್ತದೆ. ಅಲ್ಲಿಂದ ತಾಯಿಯ ಆರೋಗ್ಯದ ಪುಟಕ್ಕೆ ದಾರಿ ತೆರೆಯುತ್ತದೆ. ಅಂದರೆ ಈ ಪ್ರಕಾರದ ಒಳಗೇ ಎರಡು ಪ್ರವೃತ್ತಿಗಳು ಇದ್ದುವು: ಸತ್ತ ಮೇಲೆ ಓದಬೇಕಾದ ಪತ್ರ ಒಂದು, ಬದುಕಿರುವಾಗ ನಡೆಯಬೇಕಾದ ಮಾತುಕತೆ ಇನ್ನೊಂದು. ಹೊರಜಗತ್ತು ಇವುಗಳಲ್ಲಿ ಮೊದಲನೆಯದನ್ನೇ ಹೆಚ್ಚು ಕಂಡಿತು.

ಸ್ವೀಡನ್ನಿನ ಕಾದಂಬರಿಕಾರ ಹೆನಿಂಗ್ ಮಾಂಕೆಲ್ 2003ರಲ್ಲಿ ಪ್ರಕಟಿಸಿದ, ಮರುವರ್ಷ 'ಐ ಡೈ, ಬಟ್ ದ ಮೆಮೊರಿ ಲಿವ್ಸ್ ಆನ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದ ಕೃತಿ ಇದಕ್ಕೆ ಉತ್ತಮ ನಿದರ್ಶನ. ಉಗಾಂಡಕ್ಕೆ ಹೋಗಿ ನೆನಪಿನ ಹೊತ್ತಿಗೆ ಬರೆಯುತ್ತಿರುವವರನ್ನು ಕಂಡು ಬಂದ ಲೇಖಕನ ಅನುಭವ ಕಥನವಿದು. ಒಬ್ಬ ಬಾಲಕಿ ನೆಟ್ಟು ಜೋಪಾನ ಮಾಡುತ್ತಿರುವ ಮಾವಿನ ಸಸಿ ಇಡೀ ಕೃತಿಯ ಕೇಂದ್ರ ಪ್ರತಿಮೆ. ತಾಯಿ ಹೋಗುತ್ತಾಳೆ, ಗಿಡ ಬೆಳೆಯುತ್ತದೆ ಎಂಬ ಸೂಚನೆ ಹೃದ್ಯವಾಗಿದೆ. ಲೇಖಕನ ಪ್ರಾಮಾಣಿಕತೆಯ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಔಷಧವಿದ್ದೂ ಅದು ಬಡವರಿಗೆ ದೊರೆಯದಿರುವ ಬಗ್ಗೆ ಅವನಿಗೆ ಸಿಟ್ಟಿದೆ. ಆದರೂ ಕೃತಿಯ ಶೀರ್ಷಿಕೆ ತಾಯಿಯ ಭವಿಷ್ಯವನ್ನು ಮೊದಲೇ ನಿರ್ಧರಿಸಿಬಿಡುತ್ತದೆ. ಬಾಲಕಿ ಬಾಲಕಿಯಾಗಿಯೇ ಉಳಿಯುತ್ತಾಳೆ. ಮಾವು ಹೂ ಬಿಡುವ ವೇಳೆಗೆ ತಾಯಿಯೂ ಇದ್ದು, ಹದಿನಾರರ ಮಗಳು ರಾತ್ರಿ ತಡವಾಗಿ ಮನೆಗೆ ಬಂದರೆ ಆ ತಾಯಿ ಏನೆನ್ನುತ್ತಾಳೆ ಎಂಬುದು ಈ ಕೃತಿಯ ಕಲ್ಪನೆಯ ಆಚೆಗಿದೆ.

ಅಂತಾರಾಷ್ಟ್ರೀಯ ಸಂಸ್ಥೆಗಳ ಪರಿಭಾಷೆಯೂ ಇದೇ ಕುರುಡನ್ನು ಪೋಷಿಸಿತೆಂಬುದನ್ನು ಇಲ್ಲಿ ಸೂಚಿಸಬಹುದು. ತಂದೆತಾಯಿಗಳಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವನ್ನೂ ವರದಿಗಳು 'ಅನಾಥ' ಎಂದೇ ಎಣಿಸಿದುವು. ತಂದೆ ತೀರಿಕೊಂಡು, ಸೋಂಕಿನೊಂದಿಗೆ ಬದುಕುತ್ತಿರುವ ತಾಯಿ ಮೂರು ಹೊತ್ತು ಬೇಯಿಸಿ ಹಾಕುತ್ತಿದ್ದರೂ ಆ ಮಗು ಅಂಕಿಅಂಶಗಳಲ್ಲಿ ಅನಾಥವೇ. ದಕ್ಷಿಣ ಆಫ್ರಿಕದ ಮಕ್ಕಳ ದೂರದರ್ಶನ ಕಾರ್ಯಕ್ರಮ 'ತಕಲಾನಿ ಸೆಸಮಿ' 2002ರಲ್ಲಿ ಪರಿಚಯಿಸಿದ ಕಾಮಿ ಎಂಬ ಎಚ್.ಐ.ವಿ. ಸೋಂಕಿತ ಗೊಂಬೆಯ ತಾಯಿಯೂ ಸತ್ತವಳೇ. ಮಕ್ಕಳ ಮನಸ್ಸಿನಿಂದ ಕಳಂಕದ ಭಾವನೆಯನ್ನು ತೊಡೆಯುವಲ್ಲಿ ಆ ಗೊಂಬೆಯ ಕೊಡುಗೆ ದೊಡ್ಡದು. ಆದರೆ ಅಲ್ಲಿಯೂ ಬದುಕಿರುವ ತಾಯಿಗೆ ಸ್ಥಳವಿಲ್ಲ.

3

ಡ್ಯಾರೆಲ್ ರೂಟ್ ನಿರ್ದೇಶಿಸಿದ 'ಯೆಸ್ಟರ್‌ಡೇ' ಜುಲು ಭಾಷೆಯ ಚಿತ್ರ. ಶ್ರೇಷ್ಠ ವಿದೇಶಿ ಭಾಷಾ ಚಿತ್ರದ ಆಸ್ಕರ್ ಪ್ರಶಸ್ತಿಗೆ ಅದು ನಾಮಕರಣಗೊಂಡಿತ್ತು. ನಾಯಕಿಯ ಹೆಸರೇ 'ನಿನ್ನೆ'. ಇಂದಿಗಿಂತ ನಿನ್ನೆಯೇ ಚೆನ್ನಾಗಿತ್ತು ಎಂಬ ಕಾರಣಕ್ಕೆ ತಂದೆ ಇಟ್ಟ ಹೆಸರದು. ಗಂಡ ಜೊಹಾನ್ಸ್‌ಬರ್ಗಿನ ಗಣಿಯಲ್ಲಿ ಕೂಲಿ. ಹೆಂಡತಿ ಪುಟ್ಟ ಮಗಳೊಡನೆ ಜುಲುನಾಡಿನ ಹಳ್ಳಿಯಲ್ಲಿ. ಗಂಟೆಗಟ್ಟಲೆ ನಡೆದು ಹೋದರೂ ಚಿಕಿತ್ಸಾಲಯದ ಸರತಿಯಲ್ಲಿ ಅವಳ ಪಾಳಿ ಬರುವುದಿಲ್ಲ. ಕೊನೆಗೆ ಸೋಂಕಿನ ವಿಷಯ ತಿಳಿದು ಗಂಡನಿಗೆ ಹೇಳಹೋದರೆ ಅವನು ಹೊಡೆಯುತ್ತಾನೆ. ಅವನೇ ಮುಂದೆ ಕೃಶನಾಗಿ ಮನೆಗೆ ಬಂದಾಗ ಊರು ಅವನನ್ನು ಸಹಿಸುವುದಿಲ್ಲ. ಊರಾಚೆ ತಗಡುಗಳನ್ನು ಜೋಡಿಸಿ ಅವನಿಗಾಗಿ ಗುಡಿಸಲೊಂದನ್ನು ಕಟ್ಟಿ ಅವಳು ಶುಶ್ರೂಷೆ ಮಾಡುತ್ತಾಳೆ.

ಚಿತ್ರದ ಕಾಲವಿನ್ಯಾಸವನ್ನು ನಿರ್ಧರಿಸುವುದು ತಾಯಿಯ ಒಂದು ಸಂಕಲ್ಪ: ಮಗಳು ಶಾಲೆಗೆ ಹೋಗುವ ದಿನದವರೆಗೆ ತಾನು ಸಾಯಲಾರೆ. ಆ ದಿನ ಬರುತ್ತದೆ. ಮಗಳು ಸಮವಸ್ತ್ರ ತೊಟ್ಟು ಹೋಗುತ್ತಾಳೆ. ಮುಂದೆ ಮಗಳನ್ನು ತನ್ನ ಮಗುವಿನಂತೆ ನೋಡಿಕೊಳ್ಳುವೆನೆಂದು ಶಾಲೆಯ ಶಿಕ್ಷಕಿ ಭರವಸೆ ಕೊಟ್ಟಿದ್ದಾಳೆ. ಗಂಡನಿಗಾಗಿ ಕಟ್ಟಿದ ತಗಡಿನ ಗುಡಿಸಲನ್ನು ತಾಯಿ ಸುತ್ತಿಗೆಯಿಂದ ಒಡೆದು ಕೆಡಹುವ ದೃಶ್ಯ ಇಡೀ ಚಿತ್ರದಲ್ಲಿ ಅತ್ಯಂತ ಸತ್ತ್ವಯುತವಾದುದು. ಸಾತ್ತ್ವಿಕ ಸಹನೆಯ ಮೂರ್ತಿಯಂತೆ ಕಾಣುತ್ತಿದ್ದವಳ ಒಳಗಿನ ಕೋಪ ಹೊರಬರುವುದು ಅಲ್ಲಿ ಮಾತ್ರ.

ಇಷ್ಟೆಲ್ಲ ಸಾಧನೆಯ ಜೊತೆಗೆ ಚಿತ್ರದ ಮಿತಿಯೂ ಆ ಸಂಕಲ್ಪದಲ್ಲಿಯೇ ಅಡಗಿದೆ. ಶಾಲೆಯ ಮೊದಲ ದಿನವನ್ನು ಗಡುವಾಗಿ ಆರಿಸಿಕೊಳ್ಳುವ ಮೂಲಕ ಚಿತ್ರ ಮಗಳನ್ನು ಅರಿವು ಮೂಡುವ ಮುಂಚಿನ ವಯಸ್ಸಿನಲ್ಲಿ ನಿಲ್ಲಿಸುತ್ತದೆ. ಅವಳಿಗೆ ತಾಯಿ ಏನನ್ನೂ ವಿವರಿಸಬೇಕಾಗಿಲ್ಲ. ಮಗು ಅಮ್ಮನ ಕಾಯಿಲೆಯನ್ನು ಕಾಣುತ್ತದೆ, ಕಾಯಿಲೆಯ ಅರ್ಥವನ್ನು ಕಾಣುವುದಿಲ್ಲ. ತಾಯಿ-ಮಗಳ ಸಂಬಂಧ ಇಲ್ಲಿ ನಿಷ್ಕಳಂಕವಾಗಿ ಉಳಿಯುವುದಕ್ಕೆ ಕಾರಣ ಮಗಳ ವಯಸ್ಸು. ಹತ್ತು ವರ್ಷ ಕಳೆದು ಅದೇ ಮಗಳು ಊರಿನವರ ಬಾಯಿಂದ ತಂದೆಯ ಗುಡಿಸಲಿನ ಕಥೆ ಕೇಳಿ ಬಂದಾಗ ತಾಯಿಗೂ ಮಗಳಿಗೂ ನಡುವೆ ಏರ್ಪಡುವ ಮೌನವೇ ನಿಜವಾದ ನಾಟಕ. ಆ ನಾಟಕ ಆರಂಭವಾಗುವ ಮೊದಲೇ ಚಿತ್ರ ತೆರೆ ಎಳೆಯುತ್ತದೆ.

4

ಹರೆಯದ ಹೊಸಿಲಲ್ಲಿರುವ ಮಗಳನ್ನೇ ಕೇಂದ್ರದಲ್ಲಿ ಇರಿಸಿಕೊಂಡ ಕೃತಿ ಕೆನಡಾದ ಲೇಖಕ ಅಲನ್ ಸ್ಟ್ರಾಟನ್‌ನ 'ಚಂದಾಸ್ ಸೀಕ್ರೆಟ್ಸ್' (2004). ಹದಿನಾರರ ಚಂದಾಳ ಉತ್ತಮಪುರುಷ ನಿರೂಪಣೆಯಲ್ಲಿ ಸಾಗುವ ಈ ಕಾದಂಬರಿಯನ್ನು ಆಧರಿಸಿ ಆಲಿವರ್ ಶ್ಮಿಟ್ಸ್ 2010ರಲ್ಲಿ 'ಲೈಫ್, ಅಬೌವ್ ಆಲ್' ಎಂಬ ಚಿತ್ರವನ್ನು ಉತ್ತರ ಸೋಥೊ ಭಾಷೆಯಲ್ಲಿ ನಿರ್ದೇಶಿಸಿದ. ಎಳೆಗೂಸಾದ ತಂಗಿಯ ಅಂತ್ಯಕ್ರಿಯೆಗೆ ಶವಪೆಟ್ಟಿಗೆ ಗೊತ್ತುಮಾಡಲು ಚಂದಾ ಒಬ್ಬಳೇ ಹೋಗುವುದರೊಂದಿಗೆ ಕಥೆ ಆರಂಭವಾಗುತ್ತದೆ. ಮಲತಂದೆ ಕುಡುಕ, ತಾಯಿ ಹಾಸಿಗೆ ಹಿಡಿದವಳು. ಮನೆಯ ಯಜಮಾನಿಕೆ ಮಗಳ ಹೆಗಲಿಗೆ ಬೀಳುತ್ತದೆ. ತಮ್ಮತಂಗಿಯರಿಗೆ ಉಣಿಸುವುದು, ನೆರೆಹೊರೆಯವರಿಗೆ ಸುಳ್ಳು ಹೇಳುವುದು, ತಾಯಿಯ ಗುಟ್ಟನ್ನು ತಾಯಿಗೇ ಹೇಳದೆ ಕಾಯುವುದು ಅವಳ ಕೆಲಸವಾಗುತ್ತದೆ.

ಈ ಕಥನದ ಮುಖ್ಯ ಶೋಧನೆ ಗುಟ್ಟಿನ ಸಾಮಾಜಿಕ ಸ್ವರೂಪ. ಗುಟ್ಟು ಒಬ್ಬ ವ್ಯಕ್ತಿಯಲ್ಲಿಲ್ಲ. ಇಡೀ ಬೀದಿ ಸೇರಿ ಅದನ್ನು ಕಾಯುತ್ತದೆ. ಮನೆಯ ಮಾನದ ಬಗ್ಗೆ ಉಪದೇಶ ಮಾಡುವ ನೆರೆಯ ಶ್ರೀಮತಿ ತಾಫಾ ತನ್ನ ಸತ್ತ ಮಗನ ವಿಷಯದಲ್ಲಿ ಇಂಥದೇ ಗುಟ್ಟನ್ನು ಮುಚ್ಚಿಟ್ಟಿರುವುದು ಕೊನೆಗೆ ತಿಳಿಯುತ್ತದೆ. ತಾಯಿ ಮಕ್ಕಳ ಮೇಲೆ ಕಳಂಕ ಬರಬಾರದೆಂದು ಮನೆ ಬಿಟ್ಟು ತವರೂರಿಗೆ ಹೋಗುತ್ತಾಳೆ. ತವರಿನವರು ಅವಳನ್ನು ದೂರದ ಮರದಡಿ ಸಾಯಲು ಬಿಡುತ್ತಾರೆ. ಚಂದಾ ಹೋಗಿ ಅವಳನ್ನು ಕರೆತರುತ್ತಾಳೆ. ಮಗಳನ್ನು ಕಾಪಾಡಲು ತಾಯಿ ಆರಿಸಿಕೊಂಡ ಮಾರ್ಗ ಮರೆಯಾಗುವುದು. ತಾಯಿಯನ್ನು ಕಾಪಾಡಲು ಮಗಳು ಆರಿಸಿಕೊಂಡ ಮಾರ್ಗ ಎಲ್ಲರ ಕಣ್ಣೆದುರು ನಿಲ್ಲಿಸುವುದು. ಇವೆರಡರ ಸಂಘರ್ಷವೇ ಕೃತಿಯ ನೈತಿಕ ತಿರುಳು.

ಕಾದಂಬರಿಯಲ್ಲಿ ಹದಿನಾರರವಳಾಗಿದ್ದ ಚಂದಾ ಚಿತ್ರದಲ್ಲಿ ಹನ್ನೆರಡರವಳಾಗುತ್ತಾಳೆ ಎಂಬುದು ವಿಮರ್ಶಕರು ಗಮನಿಸಬೇಕಾದ ಬದಲಾವಣೆ. ಇದರಿಂದ ಮಗಳ ಮುಗ್ಧತೆ ತೆರೆಯ ಮೇಲೆ ಎದ್ದು ಕಾಣುತ್ತದೆ. ಆದರೆ ಹರೆಯದ ದೇಹದ ಪ್ರಶ್ನೆ ಅವಳಿಂದ ಜಾರಿ ಗೆಳತಿ ಎಸ್ತರಳ ಪಾಲಿಗೆ ಹೋಗುತ್ತದೆ. ತಂದೆತಾಯಿಗಳನ್ನು ಕಳೆದುಕೊಂಡು ಲಾರಿಗಳು ನಿಲ್ಲುವ ಹೆದ್ದಾರಿಯಲ್ಲಿ ದೇಹ ಮಾರುವ ಎಸ್ತರ್ ಒಂದೆಡೆ, ಮನೆಯನ್ನು ಹೊತ್ತ ಪರಿಶುದ್ಧಳಾದ ಚಂದಾ ಇನ್ನೊಂದೆಡೆ. ಒಬ್ಬಳೇ ಹುಡುಗಿಯಲ್ಲಿ ಇರಬಹುದಾದ ಜವಾಬ್ದಾರಿ ಮತ್ತು ಕಾಮನೆ, ಪ್ರೀತಿ ಮತ್ತು ರೋಷ ಇಬ್ಬರಲ್ಲಿ ಹಂಚಿಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ ತಾಯಿಯ ಪಾತ್ರ ಕ್ರಮೇಣ ನಿಷ್ಕ್ರಿಯವಾಗುತ್ತದೆ. ಅವಳು ಆರೈಕೆಯ ವಸ್ತು. ಗದರಿಸುವ, ನಿರ್ಬಂಧಿಸುವ, ಬುದ್ಧಿ ಹೇಳುವ ತಾಯಿಯಲ್ಲ. ಹರೆಯದ ಮಗಳು ಇದ್ದೂ ಹರೆಯವನ್ನು ಸಾಕುವ ತಾಯಿ ಈ ಕಥನದಲ್ಲಿಲ್ಲ.

5

ಈ ಚೌಕಟ್ಟನ್ನು ಮುರಿದ ಪಠ್ಯ ಖಯೆಲಿಟ್ಷಾದಿಂದ ಬಂದಿತು. ಕೇಪ್‌ಟೌನ್ ನಗರದ ಅಂಚಿನ ಈ ಬಡಾವಣೆಯಲ್ಲಿ 'ಗಡಿರಹಿತ ವೈದ್ಯರು' ಸಂಸ್ಥೆ ಪ್ರಾಂತೀಯ ಸರ್ಕಾರದ ಸಹಯೋಗದಲ್ಲಿ 2001ರ ಮೇ ತಿಂಗಳಿನಿಂದ ಎ.ಆರ್.ಟಿ. ನೀಡಲು ತೊಡಗಿತ್ತು. ಕೇಪ್‌ಟೌನ್ ವಿಶ್ವವಿದ್ಯಾಲಯದ ನೆನಪಿನ ಪೆಟ್ಟಿಗೆ ಯೋಜನೆಯ ಜೊನಾಥನ್ ಮಾರ್ಗನ್, ಕಲಾವಿದೆ ಜೇನ್ ಸಾಲೊಮನ್ ಮುಂತಾದವರ ಜೊತೆಗೂಡಿ ಅಲ್ಲಿನ ಬಂಬನಾನಿ ಮಹಿಳಾ ಗುಂಪಿನವರು 2002ರಲ್ಲಿ ತಮ್ಮ ದೇಹಚಿತ್ರಗಳನ್ನು ರಚಿಸಿದರು. ನೆಲದ ಮೇಲೆ ಹಾಸಿದ ದೊಡ್ಡ ಕಾಗದದ ಮೇಲೆ ಮಲಗಿ ದೇಹದ ಹೊರಗೆರೆಯನ್ನು ಎಳೆಸಿಕೊಂಡು, ಅದರ ಬೆನ್ನಿಗೆ ತಮಗೆ ಆಸರೆಯಾದ ಇನ್ನೊಬ್ಬರ ನೆರಳನ್ನೂ ಬರೆದು, ಒಳಗೆ ಗಾಯದ ಗುರುತು, ಹೆರಿಗೆಯ ನೆನಪು, ವೈರಸ್ಸು, ಔಷಧ ಇವನ್ನೆಲ್ಲ ಬಣ್ಣಗಳಲ್ಲಿ ತುಂಬಿದರು. ಈ ಚಿತ್ರಗಳು ಹಾಗೂ ಆ ಮಹಿಳೆಯರ ಕಥನಗಳು ಸೇರಿ 2003ರಲ್ಲಿ 'ಲಾಂಗ್ ಲೈಫ್' ಗ್ರಂಥವಾದುವು.

ನೆನಪಿನ ಪೆಟ್ಟಿಗೆಯ ಯೋಜನೆಯಿಂದ ಹುಟ್ಟಿದ ಗ್ರಂಥಕ್ಕೆ 'ದೀರ್ಘಾಯುಷ್ಯ' ಎಂಬ ಹೆಸರು ಬಂದುದು ಆಕಸ್ಮಿಕವಲ್ಲ. ಮರಣದ ಸಿದ್ಧತೆಗಾಗಿ ರೂಪಿಸಿದ ಸಾಧನವನ್ನು, ಔಷಧ ದೊರೆತ ಮಹಿಳೆಯರು ಬದುಕಿನ ದಾಖಲೆಯನ್ನಾಗಿ ಮಾರ್ಪಡಿಸಿದರು. ಇಲ್ಲಿ ಬರೆಯುವವಳು ಭವಿಷ್ಯದ ಮಗುವಿನೊಡನೆ ಮಾತನಾಡುತ್ತಿಲ್ಲ. ತನ್ನ ದೇಹದೊಡನೆ, ತನ್ನ ಓಣಿಯೊಡನೆ, ತನ್ನ ಸರ್ಕಾರದೊಡನೆ ಮಾತನಾಡುತ್ತಿದ್ದಾಳೆ. 1998ರಲ್ಲಿ ಸ್ಥಾಪನೆಯಾದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಸಂಘಟನೆಯ ಹೋರಾಟ, ಗರ್ಭಿಣಿಯರಿಗೆ ನೆವಿರಪಿನ್ ಔಷಧವನ್ನು ನೀಡಬೇಕೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2002ರ ಜುಲೈನಲ್ಲಿ ಕೊಟ್ಟ ತೀರ್ಪು ಇವೆಲ್ಲ ಆ ಕಾಲದ ಹಿನ್ನೆಲೆ. ತಾಯಿ ಅನುಕಂಪದ ವಸ್ತುವಾಗಿರದೆ ಹಕ್ಕಿನ ಕರ್ತೃವಾಗಿ ನಿಲ್ಲುವ ಬಗೆಯನ್ನು ಮೊದಲಿಗೆ ತೋರಿದ ಗ್ರಂಥಗಳಲ್ಲಿ ಇದೂ ಒಂದು.

ಆದರೂ ಗ್ರಂಥ ಒಂದು ಹೊಸಿಲಿನಲ್ಲಿ ನಿಂತಿದೆ. ಔಷಧ ಆಗತಾನೇ ದೊರೆತಿದೆ. ಆ ಸಂಭ್ರಮ ಪುಟಪುಟದಲ್ಲಿ ಕಾಣುತ್ತದೆ. ದಿನಕ್ಕೊಂದು ಮಾತ್ರೆ, ವರ್ಷಕ್ಕೆ ಮುನ್ನೂರ ಅರವತ್ತೈದು ಮಾತ್ರೆ ನುಂಗುತ್ತ ಮಗನ ಪರೀಕ್ಷೆ, ಮಗಳ ಮುನಿಸು, ಬಾಡಿಗೆಯ ಚಿಂತೆ ಇವುಗಳ ನಡುವೆ ಸಾಗುವ ಹತ್ತಿಪ್ಪತ್ತು ವರ್ಷಗಳ ಬೇಸರದ ಬದುಕು ಇನ್ನೂ ಮುಂದಿತ್ತು. ದೀರ್ಘಾಯುಷ್ಯವನ್ನು ಘೋಷಿಸುವುದು ಬೇರೆ, ಅದನ್ನು ನಿರೂಪಿಸುವುದು ಬೇರೆ.

6

ಬದುಕಿ ಉಳಿದ ತಾಯಿ ಮತ್ತು ಹರೆಯದ ಮಕ್ಕಳ ಸಂಬಂಧದಲ್ಲಿ ಹಿಂದಿನ ಕಥನಗಳಿಗೆ ದಕ್ಕದ ಯಾವ ಅಂಶಗಳಿವೆ ಎಂಬುದನ್ನು ಇನ್ನು ನೋಡಬೇಕು. ಇದಕ್ಕೆ ಮನೋವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯ ಕ್ಷೇತ್ರಗಳ ಅನುಭವ ಸಹಾಯಕವಾಗುತ್ತದೆ.

ಮೊದಲನೆಯದು, ತಿಳಿಸುವ ಪ್ರಶ್ನೆ. ಶಾಲಾ ವಯಸ್ಸಿನ ಮಕ್ಕಳಿಗೆ ಅವರ ತಂದೆತಾಯಿಗಳ ಅಥವಾ ಪಾಲಕರ ಎಚ್.ಐ.ವಿ. ಸ್ಥಿತಿಯನ್ನು ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಸಲಹೆ ಮಾಡಿತು. ದಕ್ಷಿಣ ಆಫ್ರಿಕದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಸೋಂಕಿಲ್ಲದ ಆರರಿಂದ ಹತ್ತು ವರ್ಷದ ಮಕ್ಕಳಿಗೆ ತಾಯಂದಿರು ವಿಷಯ ತಿಳಿಸಲು ನೆರವಾಗುವ ಕಾರ್ಯಕ್ರಮವೊಂದು ರೂಪುಗೊಂಡಿತು. ಜುಲು ಭಾಷೆಯಲ್ಲಿ ನಿಧಿ ಎಂಬ ಅರ್ಥವುಳ್ಳ 'ಅಮಗುಗು' ಅದರ ಹೆಸರು. ಹರೆಯಕ್ಕೆ ಮುಂಚೆಯೇ ಹೇಳಬೇಕೆಂಬುದರ ಹಿಂದೆ ವಿವೇಕವಿದೆ. ಹರೆಯದ ಮಗು ಹೇಳದಿದ್ದರೂ ತಿಳಿದುಕೊಳ್ಳುತ್ತದೆ. ಬೀರುವಿನ ಹಿಂಬದಿಯ ಮಾತ್ರೆಯ ಡಬ್ಬಿ, ತಿಂಗಳಿಗೊಮ್ಮೆ ತಪ್ಪದ ಆಸ್ಪತ್ರೆಯ ಭೇಟಿ, ಚೀಟಿಯ ಮೇಲಿನ ಅಕ್ಷರ ಇವೆಲ್ಲ ಅದಕ್ಕೆ ಓದಲು ಬರುತ್ತದೆ. ತಾಯಿ ಹೇಳುವ ಹೊತ್ತಿಗೆ ರೋಗದ ವಿಷಯಕ್ಕಿಂತ ಹೇಳದೆ ಇದ್ದುದೇ ದೊಡ್ಡ ಅಪರಾಧವಾಗಿ ಕಾಣುತ್ತದೆ. ಕಥನಗಳು ಸಾಮಾನ್ಯವಾಗಿ ತಿಳಿಸುವಿಕೆಯನ್ನು ಒಂದು ಪರಾಕಾಷ್ಠೆಯ ದೃಶ್ಯವಾಗಿ ಕಟ್ಟುತ್ತವೆ. ಬದುಕಿನಲ್ಲಿ ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎಂಟರಲ್ಲಿ ಹೇಳಿದುದನ್ನು ಹನ್ನೆರಡರಲ್ಲಿ ಬೇರೆ ಮಾತುಗಳಲ್ಲಿ ಹೇಳಬೇಕು. ಹದಿನಾರರಲ್ಲಿ ಮತ್ತೊಮ್ಮೆ ಹೇಳಬೇಕು. ಪ್ರತಿಸಲವೂ ಕೇಳುವವರು ಬೇರೆಯೇ ಆಗಿರುತ್ತಾರೆ.

ಎರಡನೆಯದು, ತಾಯಿಯ ಅಧಿಕಾರದ ಪ್ರಶ್ನೆ. ಹರೆಯದ ಮಕ್ಕಳಿಗೆ ಲೈಂಗಿಕತೆಯ ಬಗ್ಗೆ ಎಚ್ಚರಿಕೆ ಹೇಳುವುದು ಎಲ್ಲ ತಾಯಂದಿರಿಗೂ ಕಷ್ಟ. ಸೋಂಕಿತ ತಾಯಿ ಎಚ್ಚರಿಕೆ ಹೇಳಿದಾಗ ಅವಳ ದೇಹವೇ ಅವಳ ಮಾತಿಗೆ ಸಾಕ್ಷಿಯೂ ಆಗುತ್ತದೆ, ಪ್ರತಿವಾದವೂ ಆಗುತ್ತದೆ. ಜಗಳದ ಬಿಸಿಯಲ್ಲಿ ಮಕ್ಕಳ ಕೈಗೆ ಸಿಗುವ ಅಸ್ತ್ರ ಅದು. ಆ ಅಸ್ತ್ರವನ್ನು ಪ್ರಯೋಗಿಸಿದ ಮಗನೂ ಮರುದಿನ ಅದಕ್ಕಾಗಿ ನೋಯುತ್ತಾನೆ. ಗಂಡನಿಂದ ಸೋಂಕು ಪಡೆದ ಹೆಂಡತಿ ಸತ್ಯವನ್ನು ಹೇಳಿದರೆ ಮಕ್ಕಳ ಮನಸ್ಸಿನಲ್ಲಿರುವ ತಂದೆಯನ್ನು ಕೊಂದಂತೆ. ಹೇಳದಿದ್ದರೆ ಅನುಮಾನವನ್ನು ತಾನೇ ಹೊತ್ತಂತೆ. 'ಯೆಸ್ಟರ್‌ಡೇ' ಚಿತ್ರದ ತಾಯಿ ಈ ಇಕ್ಕಟ್ಟಿಗೆ ಸಿಲುಕುವುದಿಲ್ಲ. ಅದು ಅವಳ ಅದೃಷ್ಟವಲ್ಲ, ಕಥನದ ಅನುಕೂಲ.

ಮೂರನೆಯದು, ಒಂದೇ ಮನೆಯ ಮಕ್ಕಳ ನಡುವಿನ ವ್ಯತ್ಯಾಸ. ಚಿಕಿತ್ಸೆ ಬರುವ ಮುನ್ನ ಹುಟ್ಟಿದ ಹಿರಿಯ ಮಗಳಿಗೆ ಹುಟ್ಟಿನಿಂದಲೇ ಸೋಂಕು ಬಂದಿರಬಹುದು. ಗರ್ಭದಲ್ಲಿರುವಾಗಲೇ ಔಷಧ ದೊರೆತ ಕಾರಣ ಕಿರಿಯವನು ಸೋಂಕಿಲ್ಲದೆ ಹುಟ್ಟಿರಬಹುದು. ಹಿರಿಯವಳು ತಾಯಿಯೊಡನೆ ಒಂದೇ ಹೊತ್ತಿಗೆ ಮಾತ್ರೆ ನುಂಗುತ್ತಾಳೆ. ಅದರಲ್ಲಿ ಒಂದು ಬಗೆಯ ಸಖ್ಯವೂ ಇದೆ, ಆಪಾದನೆಯೂ ಇದೆ. ಹರೆಯದಲ್ಲಿ ಅವಳು ಮಾತ್ರೆಯನ್ನು ನಿರಾಕರಿಸಿದರೆ ಅದು ಬರಿಯ ಹಟವಲ್ಲ. ತಾಯಿ ಕೊಟ್ಟುದನ್ನು ತಾಯಿಗೇ ಹಿಂದಿರುಗಿಸುವ ಭಾಷೆ. ಇಲ್ಲಿ ತಾಯಿಯ ತಪ್ಪಿತಸ್ಥ ಭಾವನೆ ಶಿಸ್ತಿಗೆ ಅಡ್ಡಬರುತ್ತದೆ. ತಾನೇ ಕಾರಣಳೆಂದು ಭಾವಿಸಿದವಳು ಗದರಿಸಲು ಹಿಂಜರಿಯುತ್ತಾಳೆ. ಗದರಿಸದಿದ್ದರೆ ಮಗಳ ಜೀವಕ್ಕೆ ಅಪಾಯ.

ನಾಲ್ಕನೆಯದು, ತಾಯಿಯ ಸ್ವಂತ ಬದುಕು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲವೆಂಬುದು 2010ರ ದಶಕದ ಅಧ್ಯಯನಗಳಿಂದ ಖಚಿತವಾಯಿತು. ಅಂದರೆ ಮೂವತ್ತೈದು-ನಲವತ್ತರ ತಾಯಿ ಮತ್ತೆ ಪ್ರೀತಿಸಬಹುದು, ಮದುವೆಯಾಗಬಹುದು, ಹೆರಬಹುದು. ಹರೆಯದ ಮಗ ಇದನ್ನು ಹೇಗೆ ಸ್ವೀಕರಿಸುತ್ತಾನೆ? ಬೀಳ್ಕೊಡುಗೆಯ ಕಥನದಲ್ಲಿ ತಾಯಿಗೆ ಕಾಮನೆಗಳಿಲ್ಲ. ಸಾಯುವ ತಾಯಿ ಸಂತಳಾಗುತ್ತಾಳೆ. ಬದುಕುವ ತಾಯಿ ಹೆಣ್ಣಾಗಿ ಉಳಿಯುತ್ತಾಳೆ. ಕಥನಕಾರರಿಗೆ ಮೊದಲನೆಯವಳು ಸುಲಭ.

ಸಮಾಜವಿಜ್ಞಾನವೂ ಈ ತಿರುವನ್ನು ಅನುಭವದಿಂದಲೇ ಕಲಿಯಿತು. ನ್ಯೂಯಾರ್ಕ್ ನಗರದಲ್ಲಿ 1990ರ ದಶಕದಲ್ಲಿ ಮೇರಿ ಜೇನ್ ರೊಥೆರಮ್-ಬೋರಸ್ ಮತ್ತು ಸಂಗಡಿಗರು ಏಡ್ಸ್ ಪೀಡಿತ ತಂದೆತಾಯಿಗಳು ಹಾಗೂ ಅವರ ಹರೆಯದ ಮಕ್ಕಳಿಗಾಗಿ ರೂಪಿಸಿದ 'ಟಾಕ್' ಯೋಜನೆಯಲ್ಲಿ, ತಂದೆ ಅಥವಾ ತಾಯಿ ತೀರಿಕೊಂಡ ಮೇಲೆ ಮಕ್ಕಳಿಗೂ ಹೊಸ ಪಾಲಕರಿಗೂ ನೆರವಾಗುವ ಒಂದು ಘಟ್ಟವನ್ನೂ ಮೊದಲೇ ಸೇರಿಸಲಾಗಿತ್ತು. 1996ರಲ್ಲಿ ಸಂಯೋಜಿತ ಚಿಕಿತ್ಸೆ ಬಳಕೆಗೆ ಬಂದು ಸಾವಿನ ಲೆಕ್ಕಾಚಾರವೇ ಬದಲಾಯಿತು. ಮರಣವನ್ನು ಊಹಿಸಿ ಕಟ್ಟಿದ ಯೋಜನೆಯ ಎದುರು ಬದುಕು ನಿಂತಿತು. ವಿಜ್ಞಾನ ತನ್ನ ಯೋಜನೆಗಳನ್ನು ತಿದ್ದಿಕೊಳ್ಳುತ್ತದೆ. ಸಾಹಿತ್ಯದ ಸಿದ್ಧರೂಪಗಳು ಅಷ್ಟು ಬೇಗ ಕದಲುವುದಿಲ್ಲ.

7

ಕನ್ನಡದ ಓದುಗನಿಗೆ ಈ ಚರ್ಚೆ ಪರಕೀಯವಾಗಬೇಕಾಗಿಲ್ಲ. ಭಾರತದಲ್ಲಿ ಎಚ್.ಐ.ವಿ. ಹೆಚ್ಚಾಗಿ ಹರಡಿದ್ದ ಆರು ರಾಜ್ಯಗಳೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಗುರುತಿಸಿದ್ದ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಇಲ್ಲಿಯೂ ಆ ತಲೆಮಾರಿನ ತಾಯಂದಿರು ಔಷಧ ಪಡೆದು ಮಕ್ಕಳನ್ನು ಬೆಳೆಸಿದ್ದಾರೆ. ಅವರ ಗೋಪ್ಯತೆಗೂ ಅವರ ಮಕ್ಕಳ ಶಿಕ್ಷಣಕ್ಕೂ ಕಾನೂನಿನ ರಕ್ಷಣೆ ನೀಡುವ ಅಧಿನಿಯಮ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಏಡ್ಸ್ ಬಹುಕಾಲ 'ಮಹಾಮಾರಿ'ಯಾಗಿ, 'ಹೆಮ್ಮಾರಿ'ಯಾಗಿ ಇತ್ತು. ಮಾರಿ ಬಂದ ಊರಿನಲ್ಲಿ ಸಾವಿನ ಕಥೆ ಹೇಳಬಹುದು. ಸಂಸಾರದ ಕಥೆ ಹೇಳಲು ಬೇರೆ ಪದಗಳು ಬೇಕು.

ಬೀಳ್ಕೊಡುಗೆಯ ಕಥನದ ಅತ್ಯಂತ ಪರಿಚಿತ ಮಾದರಿಯೂ ನಮ್ಮಲ್ಲಿಯೇ ಇದೆ: ಗೋವಿನ ಹಾಡು. ಹುಲಿಯಿಂದ ಅವಕಾಶ ಬೇಡಿ ದೊಡ್ಡಿಗೆ ಬರುವ ಪುಣ್ಯಕೋಟಿ ಕರುವಿಗೆ ಮೊಲೆಯೂಡಿಸಿ, ಬುದ್ಧಿ ಹೇಳಿ, ಒಡನಾಡಿ ಹಸುಗಳಿಗೆ ಅದನ್ನು ಒಪ್ಪಿಸಿ ಸಾವಿನತ್ತ ಹೊರಡುತ್ತಾಳೆ. ನೆನಪಿನ ಹೊತ್ತಿಗೆ ಮಾಡುವುದೂ ಇದನ್ನೇ. 'ಯೆಸ್ಟರ್‌ಡೇ' ಚಿತ್ರದ ತಾಯಿ ಶಿಕ್ಷಕಿಗೆ ಮಗಳನ್ನು ಒಪ್ಪಿಸುವುದೂ ಇದೇ ವಿನ್ಯಾಸ. ಆದರೆ ಗೋವಿನ ಹಾಡಿನಲ್ಲಿ ಸಾಯುವುದು ಹುಲಿ. ತಾಯಿ ಜೀವಂತವಾಗಿ ಹಿಂದಿರುಗುತ್ತಾಳೆ. ನಮ್ಮ ಕಣ್ಣುಗಳು ಬೀಳ್ಕೊಡುಗೆಯ ಭಾಗದಲ್ಲಿ ತುಂಬಿಬರುತ್ತವೆ. ಹಿಂದಿರುಗಿದುದನ್ನು ನಾವು ಮಂಗಳವೆಂದು ತಿಳಿದು ಹಾಡನ್ನು ಮುಗಿಸುತ್ತೇವೆ. ಒಮ್ಮೆ ಬೀಳ್ಕೊಂಡ ಕರು ಹಿಂದಿರುಗಿದ ತಾಯಿಯೊಡನೆ ಹೇಗೆ ಬೆಳೆಯಿತು, ಕೊಂಬು ಮೂಡಿದ ಮೇಲೆ ಅದು ಆ ದಿನವನ್ನು ಹೇಗೆ ನೆನೆಯಿತು ಎಂಬುದು ಹಾಡಿನ ವ್ಯಾಪ್ತಿಗೆ ಬರುವುದಿಲ್ಲ. ಅದು ಆ ಹಾಡಿನ ದೋಷವಲ್ಲ. ಸತ್ಯನಿಷ್ಠೆಯನ್ನು ಎತ್ತಿಹಿಡಿಯುವುದು ಅದರ ಉದ್ದೇಶ, ಸಂಸಾರವನ್ನು ಚಿತ್ರಿಸುವುದಲ್ಲ.

ಎಚ್.ಐ.ವಿ.ಯೊಂದಿಗೆ ಬದುಕುತ್ತಿರುವ ತಾಯಂದಿರ ಸ್ಥಿತಿ ಹೀಗೆ ಹಿಂದಿರುಗಿದ ಪುಣ್ಯಕೋಟಿಯದು. ಅವರ ಹರೆಯದ ಮಕ್ಕಳಲ್ಲಿ ಹಲವರು ಒಂದು ಸಲ ತಾಯಿಯ ಸಾವಿಗೆ ಮನಸ್ಸನ್ನು ಸಿದ್ಧಗೊಳಿಸಿಕೊಂಡವರು. ಆ ಸಿದ್ಧತೆಯನ್ನು ಮರಳಿ ಬಿಚ್ಚಿಡಲು ಅವರಿಗೆ ಯಾರೂ ಕಲಿಸಿಲ್ಲ. ಇದನ್ನು ಹೇಳಬಲ್ಲ ಕಥನಕ್ಕೆ ಪರಾಕಾಷ್ಠೆಯ ದೃಶ್ಯಕ್ಕಿಂತ ಪುನರಾವರ್ತನೆಯನ್ನು ನಿಭಾಯಿಸುವ ಶಕ್ತಿ ಬೇಕು. ಸಂತಳಲ್ಲದ ತಾಯಿಯನ್ನು, ಕೃತಜ್ಞನಲ್ಲದ ಮಗನನ್ನು ಸಹಿಸುವ ಧೈರ್ಯ ಬೇಕು. ತಾಯಿಯ ಮಾತಿಗೆ ಮಕ್ಕಳು ಎದುರುಮಾತಾಡುವ ಸಂವಾದದ ರೂಪ ಬೇಕು. ಉಗಾಂಡದ ಮಹಿಳೆಯರು ಮಕ್ಕಳ ಪಕ್ಕದಲ್ಲಿ ಕುಳಿತು ಹೊತ್ತಿಗೆ ಬರೆಯತೊಡಗಿದಾಗ ಈ ರೂಪದ ಬೀಜ ಬಿದ್ದಿತ್ತು. ಖಯೆಲಿಟ್ಷಾದ ಮಹಿಳೆಯರು ತಮ್ಮ ದೇಹದ ಹೊರಗೆರೆಯ ಬೆನ್ನಿಗೆ ಆಸರೆಯಾದವರ ನೆರಳನ್ನು ಬರೆದಾಗ ಅದು ಮೊಳೆತಿತ್ತು.

ಸಂಶೋಧಕರು ಈ ವಸ್ತುವನ್ನು ಕೈಗೆತ್ತಿಕೊಳ್ಳುವಾಗ ಸಾವಿನ ದಾಖಲೆಗಳ ಜೊತೆಗೆ ಬದುಕಿನ ದಾಖಲೆಗಳನ್ನೂ ಅರಸಬೇಕಾಗಿದೆ. ತಾಯಂದಿರ ಆತ್ಮಕಥನಗಳಷ್ಟೇ ಅಲ್ಲದೆ, ಈಗ ವಯಸ್ಕರಾಗಿರುವ ಅವರ ಮಕ್ಕಳ ಬರವಣಿಗೆಯನ್ನೂ, ಅವರು ಬಯಸಿದಷ್ಟು ಮಟ್ಟಿಗೆ, ಅವರು ಒಪ್ಪಿದ ಹೆಸರಿನಲ್ಲಿ ಸಂಗ್ರಹಿಸಬೇಕಾಗಿದೆ. ಹಾಗೆ ಮಾಡಿದಾಗ ಮಾತ್ರ ಬೀಳ್ಕೊಡುಗೆಯ ಪ್ರಕಾರಕ್ಕೆ ಅದರ ಚಾರಿತ್ರಿಕ ಸ್ಥಾನ ದೊರೆಯುತ್ತದೆ. ಅದು ಔಷಧವಿಲ್ಲದ ಕಾಲದ ತಾಯಂದಿರ ಮಹತ್ತರ ಸೃಷ್ಟಿ. ಔಷಧ ಇರುವ ಕಾಲದ ತಾಯಿಯನ್ನೂ ಅದೇ ಅಳತೆಗೋಲಿನಿಂದ ಅಳೆದರೆ, ಬದುಕಿ ಉಳಿದುದೇ ಅವಳ ತಪ್ಪೆಂಬಂತೆ ನಮ್ಮ ಅನುಕಂಪ ಅವಳಿಂದ ದೂರ ಸರಿಯುತ್ತದೆ.